ಎದ್ದು ನಿಂತ ಕಾಯಿ, ಕೇಳದ ಪ್ರಶ್ನೆ

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಸುತ್ತಮುತ್ತ ಕೊಳವೆಬಾವಿ ಕೊರೆಸುವ ಮುನ್ನ ‘ಪಾಯಿಂಟ್’ ಮಾಡಿಸುವುದು ರೂಢಿ. ಜುಟ್ಟಿರುವ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಜಲಶೋಧಕರು ತೋಟದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತಲ್ಲಿ ನೀರಿದೆಯೆಂದು ಗೂಟ ಹೊಡೆಯುತ್ತಾರೆ. ಇದೇ ದೃಶ್ಯ ಸುದ್ದಿವಾಹಿನಿಯೊಂದರಲ್ಲಿ ಅರ್ಧ ಗಂಟೆಯ ‘ನಿಗೂಢ’ವಾಗಿ ಪ್ರಸಾರವಾದುದನ್ನು ನಾನು ಅಲ್ಲಿಯ ಪರಿಚಿತರ ಮನೆಯಲ್ಲಿ ಕುಳಿತು ನೋಡಿದೆ. ಹಿನ್ನೆಲೆ ಸಂಗೀತಕ್ಕೆ ಬರವಿರಲಿಲ್ಲ. ‘ವಿಜ್ಞಾನಕ್ಕೂ ನಿಲುಕದ ಶಕ್ತಿ’ ಎಂದು ನಿರೂಪಕರು ಪದೇ ಪದೇ ಉದ್ಗರಿಸಿದರು. ಒಬ್ಬ ಭೂವಿಜ್ಞಾನಿಯನ್ನಾದರೂ ಕೇಳಿದ ಕುರುಹು ಮಾತ್ರ ಇರಲಿಲ್ಲ.

‘ನಿಲುಕದ್ದು’ ಎಂಬುದೂ ಒಂದು ಹೇಳಿಕೆಯೇ; ಅದಕ್ಕೂ ಆಧಾರ ಬೇಕು. ಅಂಗೈ ಮೇಲಿನ ಉರುಟು ಕಾಯಿಯ ನೆಲೆ ಅಸ್ಥಿರ. ಹಿಡಿದವರಿಗೇ ಅರಿವಾಗದಷ್ಟು ಸಣ್ಣ ಸ್ನಾಯುಚಲನೆ ಅದನ್ನು ಎಬ್ಬಿಸಬಲ್ಲದು. ಮನಸ್ಸಿನ ನಿರೀಕ್ಷೆಯೇ ಸ್ನಾಯುವನ್ನು ನಡೆಸುವ ಈ ಬಗೆಯನ್ನು ವಿಲಿಯಂ ಕಾರ್ಪೆಂಟರ್ ಎಂಬ ಬ್ರಿಟಿಷ್ ವಿಜ್ಞಾನಿ 1852ರಲ್ಲೇ ವಿವರಿಸಿದ್ದರು. ಆದ್ದರಿಂದ ಇಲ್ಲಿ ವಂಚನೆ ಇರಲೇಬೇಕೆಂದಿಲ್ಲ. ನಾನು ಕಂಡ ಜಲಶೋಧಕರು ಪ್ರಾಮಾಣಿಕರೇ. ಜರ್ಮನಿಯ ಮ್ಯೂನಿಕ್ ಬಳಿ 1987–88ರಲ್ಲಿ ಎರಡಂತಸ್ತಿನ ಕೊಟ್ಟಿಗೆಯೊಂದರ ಕೆಳಗೆ ನೀರಿನ ಕೊಳವೆಯ ಜಾಗ ಬದಲಿಸುತ್ತ, ಮೇಲಂತಸ್ತಿನಲ್ಲಿ 43 ಜಲಶೋಧಕರನ್ನು 843 ಬಾರಿ ಪರೀಕ್ಷಿಸಲಾಯಿತು. ಕೆಲವರಲ್ಲಿ ನಿಜವಾದ ಸಾಮರ್ಥ್ಯವಿದೆಯೆಂದು ಪ್ರಯೋಗ ನಡೆಸಿದವರು ಸಾರಿದರು. ಅದೇ ಅಂಕಿಗಳನ್ನು ಮತ್ತೆ ಜಾಲಿಸಿದ ಅಮೆರಿಕದ ವಿಜ್ಞಾನಿ ಜೇಮ್ಸ್ ಎನ್‌ರೈಟ್, ಅವು ಆಕಸ್ಮಿಕ ಊಹೆಗಿಂತ ಭಿನ್ನವಲ್ಲವೆಂದು 1999ರಲ್ಲಿ ವಾದಿಸಿದರು. ಈ ಜಟಾಪಟಿಯೇ ಅರ್ಧ ಗಂಟೆಗೆ ಸಾಕಾಗುವಷ್ಟು ರೋಚಕ!

‘ಆದರೂ ನೀರು ಬಿತ್ತಲ್ಲ?’ ಎನ್ನುತ್ತಾರೆ. ತುಮಕೂರು ಜಿಲ್ಲೆಯ ಗಟ್ಟಿ ಶಿಲೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮತ್ತು ಮೇಲಿನ ಶಿಥಿಲ ಪದರದಲ್ಲಿ. ಕೊರೆದ ಹಲವೆಡೆ ಅಷ್ಟಿಷ್ಟು ದೊರೆತೀತು. ನೀರು ಚಿಮ್ಮಿದ ಬಾವಿಯ ಮುಂದೆ ಕ್ಯಾಮೆರಾ ನಿಲ್ಲುತ್ತದೆ, ಬರೀ ಧೂಳು ಕಾರಿದ್ದರ ಕಡೆ ತಿರುಗುವುದಿಲ್ಲ. ಸೋತ ಬಾವಿಗಳನ್ನು ಎಣಿಸದೆ ಗೆದ್ದವನ್ನು ತೋರಿಸುವುದು ಅರ್ಧ ಸುದ್ದಿ. ಅದನ್ನು ನಂಬಿ ಮರುದಿನ ಸಾಲ ತಂದು ಕೊರೆಸುವವನು ತೋಟ ಒಣಗುತ್ತಿರುವ ರೈತ.

1994ರ ಕೇಬಲ್ ಟೆಲಿವಿಷನ್ ನಿಯಮಗಳ ಕಾರ್ಯಕ್ರಮ ಸಂಹಿತೆ ಮೂಢನಂಬಿಕೆಯನ್ನು ಪ್ರೋತ್ಸಾಹಿಸುವ ಕಾರ್ಯಕ್ರಮಗಳನ್ನು ನಿಷೇಧಿಸಿದೆ. ‘ನಿರ್ಧಾರ ನಿಮಗೇ ಬಿಟ್ಟದ್ದು’ ಎಂಬ ಕೊನೆಯ ಸಾಲು ಆ ಹೊಣೆಯನ್ನು ಕಳಚದು. ನಿರ್ಧರಿಸಲು ಬೇಕಾದುದನ್ನು ನೋಡುಗನಿಗೆ ಕೊಟ್ಟೇ ಇಲ್ಲವಲ್ಲ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದ್ದರು. ವಾಹಿನಿಗೆ ಅಷ್ಟು ಬೇಕಿಲ್ಲ. ಗುರುತಿಸಿದ ಜಾಗದ ಗೂಟ ಕಿತ್ತು, ಜಲಶೋಧಕರ ಕಣ್ಣಿಗೆ ಬಟ್ಟೆ ಕಟ್ಟಿ, ಅದೇ ತೋಟದಲ್ಲಿ ಹತ್ತು ಸುತ್ತು ನಡೆಸಲಿ. ಪ್ರತಿ ಸಲವೂ ಕಾಯಿ ಅಲ್ಲೇ ಎದ್ದರೆ ನಾನೂ ಕಣ್ಣು ಮಿಟುಕಿಸದೆ ನೋಡುವೆ. ಚಿತ್ರೀಕರಣಕ್ಕೆ ಒಂದು ಬೆಳಗು ಹಿಡಿದೀತು.