ರನ್ನನ ಎರಡು ಕಾವ್ಯ, ಕೋಲ್ಕತ್ತದ ಒಂದು ಪ್ರತಿ

ಮುಧೋಳದ ರನ್ನ ಬರೆದ ‘ಪರಶುರಾಮ ಚರಿತ’, ‘ಚಕ್ರೇಶ್ವರ ಚರಿತ’ ಹೆಸರಿಗಷ್ಟೇ ಉಳಿದಿವೆ. ಓದಲು ಒಂದು ಪ್ರತಿಯೂ ಸಿಕ್ಕಿಲ್ಲ. ಅದೇ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಆ ಕಾವ್ಯ ನಮ್ಮ ಕೈಸೇರಿದೆ. ಈಗ ಸಾವಿರ ಪ್ರತಿ ಅಚ್ಚು ಹಾಕಿಸುವುದು ದೊಡ್ಡ ಮಾತಲ್ಲ, ಒಂದನ್ನಾದರೂ ಕಾಯ್ದಿಡುವವರು ಬೇಕು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಇರುವುದು ಅದಕ್ಕೇ.

ಇದರ ಬೇರು 1836ರ ಕಲ್ಕತ್ತಾ ಪಬ್ಲಿಕ್ ಲೈಬ್ರರಿಯಲ್ಲಿದೆ. ಸರ್ಕಾರಿ ಕಚೇರಿಗಳ ಪುಸ್ತಕಗಳನ್ನು ಕೂಡಿಸಿ 1891ರಲ್ಲಿ ಇಂಪೀರಿಯಲ್ ಲೈಬ್ರರಿ ಹುಟ್ಟಿತು. ಲಾರ್ಡ್ ಕರ್ಜನ್ ಎರಡನ್ನೂ ಒಂದುಮಾಡಿ 1903ರಲ್ಲಿ ಸಾರ್ವಜನಿಕರಿಗೆ ತೆರೆದ. ಸ್ವಾತಂತ್ರ್ಯ ಬಂದ ಮೇಲೆ ಹೆಸರು ಬದಲಾಯಿತು. 1953ರ ಫೆಬ್ರವರಿ 1ರಂದು ಮೌಲಾನಾ ಆಜಾದರು ಅಲೀಪುರದ ಬೆಲ್ವೆಡಿಯರ್ ಬಂಗಲೆಯಲ್ಲಿ ಅದರ ಬಾಗಿಲು ತೆರೆದರು. ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಗ್ರಂಥಪಾಲ ಬಳ್ಳಾರಿ ಶಾಮಣ್ಣ ಕೇಶವನ್, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದವರು.

ಇಲ್ಲಿನ ಸಂಗ್ರಹ 20 ಲಕ್ಷ ಪುಸ್ತಕಗಳನ್ನು ದಾಟಿದೆ. ಅದು ಬೆಳೆಯುವುದು 1954ರ ಕಾಯ್ದೆಯ ಬಲದಿಂದ. ಪುಸ್ತಕ ಪ್ರಕಟವಾದ 30 ದಿನದೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲೇ ಒಂದು ಪ್ರತಿ ಕೋಲ್ಕತ್ತಕ್ಕೆ, ಮತ್ತೊಂದೊಂದು ಚೆನ್ನೈ, ಮುಂಬಯಿ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಕಳಿಸಬೇಕು. 1956ರಲ್ಲಿ ಪತ್ರಿಕೆಗಳೂ ಇದರೊಳಗೆ ಬಂದವು. ಹೀಗೆ ಬಂದ ಪುಸ್ತಕಗಳ ವಿವರ, ಕನ್ನಡದ್ದೂ ಸೇರಿ, 1958ರಲ್ಲಿ ಶುರುವಾದ ರಾಷ್ಟ್ರೀಯ ಗ್ರಂಥಸೂಚಿಗೆ ಸೇರುತ್ತದೆ.

ಊರಿನ ಪಂಚಾಯ್ತಿ ಗ್ರಂಥಾಲಯ ಇವತ್ತಿನ ಓದುಗನಿಗೆ ಬೇಕಾದದ್ದನ್ನು ಕೊಡುತ್ತದೆ. ಹರಿದದ್ದು, ಹಳತಾದದ್ದು ಅಲ್ಲಿ ಉಳಿಯುವುದು ಕಷ್ಟ. ರಾಷ್ಟ್ರೀಯ ಗ್ರಂಥಾಲಯ ಇವತ್ತು ಯಾರೂ ಕೇಳದ್ದನ್ನೂ ಇಟ್ಟುಕೊಳ್ಳಬೇಕು. ಬಾಗಲಕೋಟೆ ಜಿಲ್ಲೆಯ ಚಿಕ್ಕಪಡಸಲಗಿಯ ರೈತರು 1989ರಲ್ಲಿ ತಾವೇ ದುಡ್ಡು ಹಾಕಿ, ಮೈಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಆ ಕಥೆ ಬರೆಯಹೊರಡುವವರಿಗೆ ಆಗಿನ ಪತ್ರಿಕೆ, ಸ್ಮರಣ ಸಂಚಿಕೆಗಳೇ ಆಧಾರ. ಬನಹಟ್ಟಿಯ ನೇಕಾರಿಕೆ, ಆ ಭಾಗದ ಶ್ರೀಕೃಷ್ಣ ಪಾರಿಜಾತದಾಟದ ಮೇಲೆ ಬಂದ ಸಣ್ಣ ಪುಸ್ತಕಗಳ ಮಾತೂ ಇದೇ.

ಪ್ರತಿ ಕಳಿಸದಿದ್ದರೆ ಕಾಯ್ದೆ ಹೇಳುವ ದಂಡ ಹೆಚ್ಚೆಂದರೆ 50 ರೂಪಾಯಿ, ಜೊತೆಗೆ ಪುಸ್ತಕದ ಬೆಲೆ. ಅದಕ್ಕೆ ಯಾರು ಹೆದರುತ್ತಾರೆ? ನಷ್ಟ ಆಗುವುದು ಪುಸ್ತಕಕ್ಕೆ, ಅದರ ಊರಿಗೆ. ಸ್ವಂತ ಖರ್ಚಿನಲ್ಲಿ ಪುಸ್ತಕ ತರುವವರು ಬಿಡುಗಡೆಯ ದಿನವೇ ನಾಲ್ಕು ಪ್ರತಿ ಬೇರೆ ತೆಗೆದಿಟ್ಟು ಅಂಚೆಗೆ ಹಾಕಲಿ. ಉಳಿದವನ್ನು ನೆಂಟರಿಗೆ, ಗೆಳೆಯರಿಗೆ ಆಮೇಲೆ ಹಂಚಿದರಾಯಿತು.