ಕಲ್ಲಿನ ಬಿಳಿ ಚುಕ್ಕೆಯೂ ಅಪ್ಪನ ಬೋರೂ

ಪಿಯುಸಿಯಲ್ಲಿ ಬಂದ ಅಂಕಕ್ಕೆ ಸಿಕ್ಕಿದ್ದು ಬಿಎಸ್ಸಿ, ಅದರಲ್ಲಿ ಸೀಟು ಉಳಿದಿದ್ದು ಜಿಯಾಲಜಿಗೆ. ನಾನು ಭೂವಿಜ್ಞಾನ ಓದಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. ದುಬಲಗುಂಡಿಗೆ ಬಂದು ಹೇಳಿದಾಗ ಅವ್ವ, "ಕಲ್ಲು ಓದಲಾಕ್ಕೂ ಕಾಲೇಜ್ ಬೇಕೇನ?" ಅಂದಳು. ಅಪ್ಪ ಮಾತ್ರ, "ಇರಲಿ ಬಿಡು, ನೀರ ಎಲ್ಲಿ ಅದ ಅಂತ ಹೇಳಿದ್ರ ಸಾಕು" ಅಂತ ನಕ್ಕ.

ಮೊದಲ ಸೆಮಿಸ್ಟರ್ ಪೂರ್ತಿ ಖನಿಜಗಳನ್ನು ಉಗುರಿನಿಂದ, ಚಾಕುವಿನಿಂದ ಗೀಚುವುದರಲ್ಲೇ ಹೋಯಿತು. ಆಮೇಲೆ ಒಂದು ದಿನ ಮೇಷ್ಟ್ರು, "ಹುಮನಾಬಾದ್, ಬಸವಕಲ್ಯಾಣದ ಕಡೆಯವರು ಯಾರಿದ್ದೀರಿ? ನೀವೆಲ್ಲ ಲಾವಾ ಮೇಲೆ ಮನೆ ಕಟ್ಟಿದವರು" ಅಂದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹರಿಯಿತು. ಒಂದೇ ಸಲ ಅಲ್ಲ, ಮತ್ತೆ ಮತ್ತೆ. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಆ ಕರಿಕಲ್ಲು ಹಾಸಿಕೊಂಡಿದೆ. ಪ್ರತಿ ಹರಿವಿನ ನಡುಭಾಗ ಗಟ್ಟಿ. ಮೇಲ್ಭಾಗದಲ್ಲಿ ಗಾಳಿ ಗುಳ್ಳೆಗಳಿಂದಾದ ತೂತುಗಳು. ಎರಡು ಹರಿವುಗಳ ನಡುವೆ ಅಲ್ಲಲ್ಲಿ ಕೆಂಪು ಜೇಡಿಯ ಪಟ್ಟಿ.

ರಜೆಗೆ ಊರಿಗೆ ಬಂದವನು ಸೀದಾ ಹೊಲದ ಬಾವಿಗೆ ಹೋದೆ. ಮುತ್ಯಾ ತೋಡಿಸಿದ ಬಾವಿ ಅದು. ಮೇ ತಿಂಗಳು, ನೀರು ತಳ ಕಂಡಿತ್ತು. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಮೇಷ್ಟ್ರ ಬೋರ್ಡೇ ಗೋಡೆಯಾಗಿ ನಿಂತಿತ್ತು. ಮೇಲೆ ಯರಿ ಮಣ್ಣು, ಕೆಳಗೆ ಮರಂ, ಉಳ್ಳಾಗಡ್ಡಿಯಂತೆ ಪದರ ಪದರವಾಗಿ ಬಿಚ್ಚಿದ ಗುಂಡುಕಲ್ಲುಗಳು, ಆಮೇಲೆ ಕರಿಬಂಡೆ. ಎಷ್ಟೋ ವರ್ಷ ಅದೇ ಬಾವಿಯಲ್ಲಿ ಈಜಿದ್ದೆ, ಒಮ್ಮೆಯೂ ನೋಡಿರಲಿಲ್ಲ! ಹಿಂದೆ ತೋಡಿ ಎಸೆದ ಕಲ್ಲುಗುಪ್ಪೆಯಲ್ಲಿ ಬಿಳಿ ಚುಕ್ಕೆಗಳ ಒಂದು ತುಂಡು ಸಿಕ್ಕಿತು. ಕಾಲೇಜಿಗೆ ಒಯ್ದರೆ ಮೇಷ್ಟ್ರು "ಜಿಯೋಲೈಟ್!" ಅಂತ ಖುಷಿಪಟ್ಟು ಶೋಕೇಸ್‌ನಲ್ಲಿಟ್ಟರು. ವಾರವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆ ಹುಮ್ಮಸ್ಸೇ ಮುಳುವಾಯಿತು. ಮರುವರ್ಷ ಬೇಸಿಗೆಗೆ ಅಪ್ಪ ಬೋರ್ ಹಾಕಿಸಲು ಹೊರಟ. ತೆಂಗಿನಕಾಯಿ ಹಿಡಿದು ಜಾಗ ತೋರಿಸಿದವರು ಬೇರೆಯವರು, ಅದಕ್ಕೆ ನಾನು ಮನಸ್ಸಿನಲ್ಲೇ ನಕ್ಕಿದ್ದೆ. 250 ಅಡಿಗೆ ಬರೀ ಬೂದಿಯಂಥ ಧೂಳು. ಗಾಡಿಯವ "ನಿಲ್ಲಿಸಲ್ಯಾ?" ಅಂದ. ಅಪ್ಪ ನನ್ನ ಮುಖ ನೋಡಿದ. ಕೆಳಗೆ ಇನ್ನೊಂದು ತೂತಿನ ಪದರ ಇದ್ದೇ ಇರುತ್ತದೆ ಅಂತ ಪುಸ್ತಕ ನೆನಪಾಯಿತು. "ಹೋಗಲಿ ಅಪ್ಪಾ, ಕೆಳಗ ನೀರ ಇರ್ತದ" ಅಂದುಬಿಟ್ಟೆ.

430 ಅಡಿ. ಒಂದು ಹನಿಯಿಲ್ಲ. ತೊಗರಿ ಮಾರಿದ ದುಡ್ಡೂ ಹೋಯಿತು, ಮೇಲೆ ಕೈಸಾಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾಲೇಜಿಗೆ ಹೋಗಿ ಮೇಷ್ಟ್ರಿಗೆ ಹೇಳಿದೆ. ಅವರು ಮಾತಾಡದೆ ಶೋಕೇಸ್ ತೆಗೆದು ಅದೇ ಕಲ್ಲನ್ನು ನನ್ನ ಕೈಗಿಟ್ಟರು. "ಈ ಬಿಳಿ ಚುಕ್ಕೆ ಇರೋ ಜಾಗದಲ್ಲಿ ಮೊದಲು ಏನಿತ್ತು?" ತೂತು. ಕಲ್ಲಿನೊಳಗೆ ಹರಿದಾಡಿದ ಬಿಸಿನೀರು ಜಿಯೋಲೈಟ್, ಕ್ಯಾಲ್ಸೈಟ್ ತಂದು ತುಂಬಿ ಅದನ್ನು ಮುಚ್ಚಿಬಿಟ್ಟಿದೆ. ತುಂಬದೆ ಉಳಿದರೂ ಬಿರುಕು ಕೂಡಿಸದ ಹೊರತು ಒಂದು ತೂತಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ, ನೀರು ಹರಿಯುವುದಿಲ್ಲ. ಬಿರುಕುಗಳು ಹೆಚ್ಚಾಗಿ ಬಿಡಿಸಿಕೊಳ್ಳುವುದು ಮೇಲಿನ ಶಿಥಿಲ ಪದರದಲ್ಲಿ. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿಗಿಯುತ್ತವೆ. ಆಳದಲ್ಲಿ ನೀರು ಸಿಗುವುದೇ ಇಲ್ಲ ಅಂತಲ್ಲ, ಸಿಗುವವರಿಗೆ ಸಿಗುತ್ತದೆ. ಆದರೆ ಇನ್ನೊಬ್ಬರ ದುಡ್ಡಿನಲ್ಲಿ "ಇದ್ದೇ ಇರ್ತದ" ಅನ್ನುವ ಹಾಗಿಲ್ಲ. ಉತ್ತರವನ್ನು ನಾನೇ ಬ್ಯಾಗಿನಲ್ಲಿ ಹೊತ್ತು ತಂದು, ಹೊಗಳಿಸಿಕೊಂಡು, ಓದದೆ ಬಿಟ್ಟಿದ್ದೆ.

ಆ ವರ್ಷದ ಫೀಲ್ಡ್ ಟ್ರಿಪ್ ಬೀದರ್‌ನ ನೌಬಾದ್ ಕರೇಜಿಗೆ. ಬಹಮನಿ ಕಾಲದ ಸುರಂಗ ಬಾವಿ. ಬೀದರ್ ಕೆಂಪು ಜಂಬಿಟ್ಟಿಗೆಯ ದಿನ್ನೆ. ಮಳೆನೀರು ಅದರ ರಂಧ್ರಗಳಲ್ಲಿ ಇಳಿದು, ಕೆಳಗಿನ ಕರಿಕಲ್ಲಿನ ಪದರ ತಡೆದಲ್ಲಿ ನಿಲ್ಲುತ್ತದೆ. ಸುರಂಗ ಆ ನೀರನ್ನು ನಿಧಾನಕ್ಕೆ ಹೊರತರುತ್ತದೆ. ರಿಗ್ ಇಲ್ಲ, ಡಿಗ್ರಿ ಇಲ್ಲ, ಅವರು ನೆಲ ನೋಡಿದ್ದರು. ಗೆಳೆಯರು ಸೆಲ್ಫಿ ತೆಗೆಯುತ್ತಿದ್ದರೆ ನನಗೆ ಅಪ್ಪನ ಮುಖವೇ ಕಣ್ಣ ಮುಂದೆ.

ಊರಿಗೆ ಹೋಗಿ, ಹಳೇ ಬಾವಿಯ ಹೂಳು ತೆಗೆಸೋಣ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಪಕ್ಕಾ ಏನ?" ಅಂದ. "ಪಕ್ಕಾ ಇಲ್ಲ. ಖರ್ಚು ಕಡಿಮಿ" ಅಂದೆ. ನಾಲ್ಕೈದು ಅಡಿ ಹೂಳು ಬಂತು. ಹೊಲದ ಮಳೆನೀರು ಹರಿಯುವ ಕಡೆ ಒಂದು ಗುಂಡಿ ತೋಡಿ, ಕಲ್ಲು ತುಂಬಿ ನೀರಿಳಿಸಿದೆವು. ಮುಂದಿನ ಬೇಸಿಗೆಗೆ, ನಲವತ್ತು ನಿಮಿಷಕ್ಕೆ ನಿಲ್ಲುತ್ತಿದ್ದ ಮೋಟರ್ ಒಂದೂಕಾಲು ತಾಸು ಓಡಿತು. ಕಬ್ಬಿಗೆ ಸಾಲದು. ಕಾಯಿಪಲ್ಲೆಗೆ ಸಾಕು. ಕೈಸಾಲ ತೀರಲು ಮಾತ್ರ ಮೂರು ವರ್ಷ ಬೇಕಾಯಿತು.

ನಾನೀಗ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ, ಜಿಯಾಲಜಿಗೂ ಅದಕ್ಕೂ ಸಂಬಂಧವಿಲ್ಲ. ಭಾನುವಾರ ಲಾಲ್‌ಬಾಗ್ ಬಂಡೆ ಹತ್ತಿ ಕೂರುತ್ತೇನೆ. ಸುಮಾರು 300 ಕೋಟಿ ವರ್ಷದ ಆ ಕಲ್ಲಿನ ಎದುರು ನಮ್ಮೂರ ಕರಿಕಲ್ಲು ನಿನ್ನೆ ಮೊನ್ನೆಯ ಕೂಸು. ಹೋದ ವಾರ ಅಲ್ಲೇ ಕೂತಿದ್ದಾಗ ಅಪ್ಪನ ಫೋನ್: "ಬಾಜೂ ಹೊಲದಾಗ ಬೋರ್ ಹಾಕಸ್ತಾರಂತ, ನಿನಗ ಕೇಳು ಅಂದಾರ."

ಗಾಡಿ ಕರೆಸುವ ಮೊದಲು ಬೀದರ್‌ನ ಅಂತರ್ಜಲ ಕಚೇರಿಯ ಭೂವಿಜ್ಞಾನಿಯನ್ನು ಕೇಳಲಿ, ನೆಲಕ್ಕೆ ಕರೆಂಟ್ ಹಾಯಿಸಿ ನೋಡುವ ಪರೀಕ್ಷೆ ಮಾಡಿಸಲಿ ಅಂದೆ.

"ನೀ ಏನಂತಿ ಅದನ್ನ ಹೇಳು."

"ನಾ ಏನೂ ಅನ್ನಂಗಿಲ್ಲ ಅಪ್ಪಾ" ಅಂದೆ. ಅಪ್ಪ ಜೋರಾಗಿ ನಕ್ಕ.