ಹೊರಗಾದವರೇ ಕಾಪಾಡಿದ ಕೋಟೆ

ವೇಲ್ಸ್‌ನ ಉತ್ತರ ಕರಾವಳಿಯಲ್ಲಿ, ಕಾನ್ವಿ ನದಿ ಕಡಲು ಸೇರುವಲ್ಲಿ ಅದೇ ಹೆಸರಿನ ಪುಟ್ಟ ಊರಿದೆ. ಹೊಳೆದಂಡೆಯ ಬಂಡೆಯ ಮೇಲೆ ಎಂಟು ದುಂಡು ಬುರುಜುಗಳ ಕೋಟೆ. ಅಲ್ಲಿಂದ ಹೊರಟು ಊರನ್ನು ಬಳಸಿ ಬರುವ ಗೋಡೆಯ ಉದ್ದ 1.3 ಕಿ.ಮೀ. ಅದಕ್ಕೆ 21 ಬುರುಜುಗಳು, ಮೂರು ಹೆಬ್ಬಾಗಿಲುಗಳು. ಏಳು ಶತಮಾನ ಕಳೆದರೂ ಗೋಡೆ ಬಹುಪಾಲು ಹಾಗೆಯೇ ನಿಂತಿದೆ.

ಈ ಕೋಟೆ ಕಟ್ಟಿಸಿದ್ದು ವೇಲ್ಸ್ ದೊರೆಗಳಲ್ಲ, ಅವರನ್ನು ಮಣಿಸಿದ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್. 1282ರ ಡಿಸೆಂಬರ್‌ನಲ್ಲಿ ವೇಲ್ಸ್‌ನ ರಾಜಕುಮಾರ ಲೆವೆಲಿನ್ ಅಪ್ ಗ್ರಿಫಿತ್ ಹತನಾದ. ಮರುವರ್ಷವೇ ಎಡ್ವರ್ಡ್ ಇಲ್ಲಿ ಬುನಾದಿ ತೋಡಿಸಿದ. ಆ ನೆಲದಲ್ಲಿ ಆಗ ಸಿಸ್ಟರ್ಸಿಯನ್ ಸನ್ಯಾಸಿಗಳ ಮಠವಿತ್ತು. ವೇಲ್ಸ್ ಜನ 'ಮಹಾನ್' ಎಂದು ಕರೆಯುವ ಹಿರಿಯ ಲೆವೆಲಿನ್‌ನನ್ನು 1240ರಲ್ಲಿ ಸಮಾಧಿ ಮಾಡಿದ್ದು ಅಲ್ಲಿಯೇ. ಎಡ್ವರ್ಡ್ ಸನ್ಯಾಸಿಗಳನ್ನು ಹೊಳೆಯ ಮೇಲ್ಭಾಗದ ಮೈನನ್‌ಗೆ ಎಬ್ಬಿಸಿದ. ಮಠದ ಚರ್ಚನ್ನು ಮಾತ್ರ ಊರಿನ ಚರ್ಚಾಗಿ ಉಳಿಸಿಕೊಂಡ. ಸೋತವರ ಪುಣ್ಯಭೂಮಿಯ ಮೇಲೆಯೇ ಗೆದ್ದವರ ಊರು ಎದ್ದಿತು. ಅದರೊಳಗೆ ಇಂಗ್ಲಿಷ್ ವಲಸಿಗರಿಗೆ ನಿವೇಶನ ಸಿಕ್ಕಿತು. ವೇಲ್ಸ್ ಜನ ಅಲ್ಲಿ ನೆಲೆಸುವಂತಿರಲಿಲ್ಲ.

ಕಟ್ಟಡದ ಉಸ್ತುವಾರಿ ಸವಾಯ್ ಪ್ರಾಂತ್ಯದ ಶಿಲ್ಪಿ, ಸೇಂಟ್ ಜಾರ್ಜ್‌ನ ಜೇಮ್ಸ್‌ನದು. 1287ರ ಹೊತ್ತಿಗೆ ಕೋಟೆ, ಗೋಡೆ ಎರಡೂ ಮುಗಿದಿದ್ದವು. ತಗುಲಿದ ವೆಚ್ಚ ಸುಮಾರು 15,000 ಪೌಂಡ್. ಜೇಮ್ಸ್‌ನ ಜಾಣ್ಮೆ ಕಾಣಬೇಕಾದರೆ ಗೋಡೆಯ ಒಳಮಗ್ಗುಲಿಗೆ ಬರಬೇಕು. ಊರಿನ ಕಡೆಗೆ ಬುರುಜುಗಳಿಗೆ ಬೆನ್ನೇ ಇಲ್ಲ. ಗೋಡೆಯ ಮೇಲಿನ ಕಾವಲು ದಾರಿ ಆ ತೆರಪಿನಲ್ಲಿ ಮರದ ಹಲಗೆಯ ಮೇಲೆ ಹಾದುಹೋಗುತ್ತಿತ್ತು. ವೈರಿ ಗೋಡೆ ಹತ್ತಿದರೆ ಎರಡೂ ಕಡೆಯ ಹಲಗೆ ಎಳೆದರಾಯಿತು, ಅವನು ಅಷ್ಟು ಭಾಗದಲ್ಲೇ ಸೆರೆ. ದಕ್ಷಿಣದ ಗೋಡೆಯಲ್ಲಿ ಹೊರಕ್ಕೆ ಚಾಚಿದ 12 ಕಲ್ಲಿನ ಶೌಚಗಳ ಸಾಲೂ ಇದೆ. ಅವು ರಾಜನ ಸಿಬ್ಬಂದಿಗೆಂದು ಮಾಡಿಸಿದವು.

ಇಷ್ಟು ಭದ್ರವಾದ ಕೋಟೆಯೂ ಒಮ್ಮೆ ಉಪಾಯಕ್ಕೆ ಸೋತಿತು. 1401ರ ಗುಡ್ ಫ್ರೈಡೆ. ಕಾವಲಿನ ಪಡೆ ಪ್ರಾರ್ಥನೆಗೆಂದು ಊರಿನ ಚರ್ಚಿಗೆ ಹೋಗಿತ್ತು. ಬಡಗಿಯೊಬ್ಬನ ಕುಯುಕ್ತಿಯಿಂದ ಸುಮಾರು ನಲವತ್ತು ಮಂದಿ ಒಳನುಗ್ಗಿ, ಇಬ್ಬರು ಕಾವಲುಗಾರರನ್ನು ಕೊಂದು ಕೋಟೆ ಹಿಡಿದರೆಂದು ಆ ಕಾಲದ ಚರಿತ್ರಕಾರ ಅಸ್ಕ್‌ನ ಆಡಮ್ ದಾಖಲಿಸಿದ್ದಾನೆ. ಮುಂದಾಳುಗಳು ರೀಸ್ ಮತ್ತು ಗ್ವಿಲಿಮ್ ಸೋದರರು, ಇಂಗ್ಲಿಷ್ ಆಳ್ವಿಕೆಯ ವಿರುದ್ಧ ವೇಲ್ಸ್ ಜನ ಎದ್ದ ಬಂಡಾಯದ ನಾಯಕ ಓವೈನ್ ಗ್ಲಿಂಡೂರ್‌ನ ಬಂಧುಗಳು. ತಿಂಗಳುಗಟ್ಟಲೆ ಕೋಟೆ ಹಿಡಿದಿಟ್ಟುಕೊಂಡು, ಕೊನೆಗೆ ಮಾತುಕತೆಯ ಮೂಲಕವೇ ಬಿಟ್ಟುಕೊಟ್ಟರು.

1986ರಲ್ಲಿ ಕೋಟೆ ಮತ್ತು ಗೋಡೆಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಈಗ ಅವುಗಳನ್ನು ನೋಡಿಕೊಳ್ಳುವುದು ವೇಲ್ಸ್ ಸರ್ಕಾರದ್ದೇ ಸಂಸ್ಥೆಯಾದ 'ಕಾಡು' (Cadw). ಊರ ನಡುವಿನ ಲ್ಯಾಂಕಾಸ್ಟರ್ ಚೌಕದಲ್ಲಿ ನಿಂತಿರುವ ಪ್ರತಿಮೆಯೂ ಎಡ್ವರ್ಡ್‌ನದಲ್ಲ, ಹಿರಿಯ ಲೆವೆಲಿನ್‌ನದು. ತಮ್ಮನ್ನು ಹೊರಗಿಡಲೆಂದೇ ಎದ್ದ ಗೋಡೆಯನ್ನು ವೇಲ್ಸ್ ಜನ ಕೆಡವಲಿಲ್ಲ, ತಮ್ಮ ಚರಿತ್ರೆಯ ಸಾಕ್ಷಿಯಾಗಿ ಜತನ ಮಾಡಿದರು. ಸೋತವರು ತಮ್ಮ ಸೋಲನ್ನೂ ಸೇರಿಸಿ ಚರಿತ್ರೆಯನ್ನು ಒಪ್ಪಿಕೊಳ್ಳುವ ಈ ಗಟ್ಟಿತನಕ್ಕಾಗಿಯೇ ಕಾನ್ವಿಯನ್ನು ನೋಡಬೇಕು.